ದಡ ಸೇರಿದ ದೋಣಿಗೂ ಬೇಕು ಆರೈಕೆ

ದೋಣಿಯ ಸುರಕ್ಷತೆಯ ಪ್ರಶ್ನೆ ಎದುರಾದಾಗಲೆಲ್ಲ ಚರ್ಚೆ ನಡೆಯುವುದು ನೀರಿನ ಮೇಲಿನ ಅಪಾಯಗಳ ಕುರಿತು. ಎಷ್ಟು ಜನರನ್ನು ಕೂರಿಸಲಾಗಿತ್ತು, ಲೈಫ್ ಜಾಕೆಟ್ ತೊಟ್ಟಿದ್ದರೇ, ಸೆಳೆತ ಎಷ್ಟಿತ್ತು ಎಂಬ ವಿಚಾರಗಳೇ ಮುನ್ನೆಲೆಗೆ ಬರುತ್ತವೆ. ಆದರೆ ದೋಣಿಯೊಂದು ವರ್ಷದ ಬಹುಭಾಗವನ್ನು ಕಳೆಯುವುದು ನೆಲದ ಮೇಲೆ. ಶೆಡ್ಡಿನ ಮೂಲೆಯಲ್ಲಿ, ಮರದ ನೆರಳಿನಲ್ಲಿ ಅಥವಾ ಟ್ರೇಲರ್ ಮೇಲೆ ಟಾರ್ಪಾಲಿನ್ ಹೊದ್ದು ನಿಂತಿರುವ ಆ ತಿಂಗಳುಗಳಲ್ಲಿ ಅದರ ಆಯುಷ್ಯ ನಿರ್ಧಾರವಾಗುತ್ತದೆ. ಅಗತ್ಯ ಬಿದ್ದ ದಿನ ಎಂಜಿನ್ ಚಾಲೂ ಆಗದಿದ್ದರೆ, ಹಗ್ಗ ಕೈಯಲ್ಲೇ ತುಂಡಾದರೆ, ಟ್ರೇಲರ್‌ನ ಗಾಲಿ ದಾರಿಯಲ್ಲೇ ಕಚ್ಚಿಕೊಂಡರೆ ಅದಕ್ಕೆ ಕಾರಣವನ್ನು ಅಂದಿನ ಪ್ರವಾಹದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಿಂದಿನ ಆರೇಳು ತಿಂಗಳ ಅಲಕ್ಷ್ಯದಲ್ಲಿ ಹುಡುಕಬೇಕಾಗುತ್ತದೆ.

ಎಂಜಿನ್‌ನೊಂದಿಗೆ ಬರುವ ಕೈಪಿಡಿಗಳಲ್ಲಿ ದೋಣಿಯ ದಾಸ್ತಾನಿಗೆಂದೇ ಒಂದು ಅಧ್ಯಾಯವಿರುತ್ತದೆ. ಆದರೆ ಅದು ಸಾಮಾನ್ಯವಾಗಿ ಯುರೋಪ್, ಅಮೆರಿಕಗಳ ಚಳಿಗಾಲವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಲ್ಲಿ ಕೆರೆ, ನದಿಗಳು ಹೆಪ್ಪುಗಟ್ಟುತ್ತವೆ. ಎಂಜಿನ್‌ನೊಳಗೆ ಉಳಿದ ನೀರು ಮಂಜಾಗಿ ಹಿಗ್ಗಿ ಲೋಹವನ್ನೇ ಸೀಳಬಲ್ಲದು. ಹೀಗಾಗಿ ಹೆಪ್ಪುಗಟ್ಟದ ದ್ರಾವಣ ತುಂಬುವುದು, ಇಡೀ ದೋಣಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಸುತ್ತುವುದು ಮುಂತಾದ ಸಲಹೆಗಳು ಅಲ್ಲಿ ಸಹಜ. ಮೈಸೂರು ಜಿಲ್ಲೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಇಲ್ಲಿನ ಶತ್ರು ಥಂಡಿ. ಆ ಶತ್ರುವಿನ ಸ್ವಭಾವವನ್ನು ಅರಿಯದೆ ಕೈಪಿಡಿಯನ್ನು ಅಕ್ಷರಶಃ ಅನುಸರಿಸಿದರೆ ಕೆಲವೊಮ್ಮೆ ಲಾಭಕ್ಕಿಂತ ಹಾನಿಯೇ ಹೆಚ್ಚಾದೀತು.

ನಾಲ್ಕು ತಾಲ್ಲೂಕು, ಎರಡು ಬಗೆಯ ಬಿಡುವು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಹೊರಗಿನವರು ಗುರುತಿಸುವುದು ಹೊಗೆಸೊಪ್ಪಿನ ನಾಡೆಂದು. ಆದರೆ ಇವು ನೀರಿನ ನಾಡೂ ಹೌದು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಬಳಿ ಕಾವೇರಿಯು ಕೊಡಗು ಮತ್ತು ಮೈಸೂರು ಜಿಲ್ಲೆಗಳ ನಡುವಿನ ಗಡಿಯಾಗಿ ಹರಿಯುತ್ತದೆ. ಕೊಡಗಿನಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ನದಿ ಹುಣಸೂರು ಪಟ್ಟಣವನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಆ ಜಲಾಶಯ 124.80 ಅಡಿ ತುಂಬಿದಾಗ ಅದರ ಹಿನ್ನೀರು ಕೆ.ಆರ್. ನಗರದ ಕಡೆಗೆ ಚಾಚಿಕೊಳ್ಳುತ್ತದೆ. ಅವಿಭಜಿತ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಂತೂ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿವೆ. ಇವುಗಳಲ್ಲಿ ದೊಡ್ಡದಾದ ಕಬಿನಿಯ ಸಾಮರ್ಥ್ಯ 19.52 ಟಿಎಂಸಿ ಅಡಿ, ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ.

ಇಷ್ಟು ನೀರಿರುವೆಡೆ ದೋಣಿಗಳೂ ಬಗೆಬಗೆಯವು. ಮೀನುಗಾರರ ಬಿದಿರಿನ ಮತ್ತು ಫೈಬರ್ ಗ್ಲಾಸ್ ಹರಿಗೋಲುಗಳು, ಹಿನ್ನೀರಿನ ಪ್ರವಾಸಿ ಹಾಗೂ ಗಸ್ತು ದೋಣಿಗಳು, ಪ್ರವಾಹ ಬಂದಾಗ ವಾಹನದಲ್ಲಿ ಅಥವಾ ಟ್ರೇಲರ್‌ನಲ್ಲಿ ಸಾಗಿಬರುವ ರಕ್ಷಣಾ ದೋಣಿಗಳು ಇವುಗಳಲ್ಲಿ ಮುಖ್ಯ. ಗಮನಿಸಬೇಕಾದ ಸಂಗತಿಯೆಂದರೆ ಇವುಗಳ ಬಿಡುವಿನ ಕಾಲ ಒಂದೇ ಅಲ್ಲ. ಹರಿಗೋಲು ಹಾಗೂ ಪ್ರವಾಸಿ ದೋಣಿಗಳು ವಿಶ್ರಮಿಸುವುದು ಮುಂಗಾರಿನ ಸೆಳೆತದ ದಿನಗಳಲ್ಲಿ, ಅಂದರೆ ಗಾಳಿಯಲ್ಲಿ ನೀರಿನ ಅಂಶ ಅತಿ ಹೆಚ್ಚಿರುವಾಗ. ರಕ್ಷಣಾ ದೋಣಿಗೆ ಅದೇ ದುಡಿಮೆಯ ಕಾಲ. ಅದು ಶೆಡ್ಡಿಗೆ ಮರಳುವುದು ಮಳೆ ನಿಂತ ಮೇಲೆ, ಅದೂ ಒದ್ದೆಯಾಗಿ, ಕೆಸರು ಮೆತ್ತಿಕೊಂಡು. ಬಳಿಕ ಅದು ಚಳಿಗಾಲದ ಇಬ್ಬನಿಯನ್ನೂ ಬೇಸಿಗೆಯ ಬಿಸಿಲನ್ನೂ ದಾಟಿ ಮುಂದಿನ ಮುಂಗಾರಿನವರೆಗೆ ಕಾಯಬೇಕು.

ಈ ಕಾಯುವಿಕೆಯ ಬೆಲೆ ಏನೆಂಬುದನ್ನು 2019ರ ಆಗಸ್ಟ್ ತೋರಿಸಿಕೊಟ್ಟಿತು. ಕಬಿನಿ, ಕಾವೇರಿ, ಲಕ್ಷ್ಮಣತೀರ್ಥ ನದಿಗಳು ಏಕಕಾಲಕ್ಕೆ ಉಕ್ಕಿ ಹರಿದು ತಗ್ಗು ಪ್ರದೇಶಗಳು ಜಲಾವೃತಗೊಂಡಿದ್ದವು. 2024ರ ಜುಲೈ ಅಂತ್ಯದಲ್ಲಿ ವಯನಾಡಿನಲ್ಲಿ ಸುರಿದ ಭಾರಿ ಮಳೆಗೆ ಕಬಿನಿ ಮತ್ತೆ ತುಂಬಿ ಹರಿಯಿತು. ಕಬಿನಿಯ ನೀರಿನ ಮೂಲ ಕೇರಳದ ವಯನಾಡಿನಲ್ಲಿದೆ. ಅಲ್ಲಿ ಮಳೆ ಬಿರುಸಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಅಂತಹ ಹೊತ್ತಿನಲ್ಲಿ ದೋಣಿಯನ್ನು ದುರಸ್ತಿ ಮಾಡಿಸಲು ಸಮಯವಿರುವುದಿಲ್ಲ.

ಥಂಡಿಯ ಲೆಕ್ಕಾಚಾರ

ಗಾಳಿ ಬಿಸಿಯಾಗಿರುವಾಗ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣಿದಾಗ ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹೊರಬಲ್ಲದು. 15 ಡಿಗ್ರಿಗೆ ಇಳಿದರೆ ಅದರ ಸಾಮರ್ಥ್ಯ ಸುಮಾರು 13 ಗ್ರಾಂಗೆ ಕುಸಿಯುತ್ತದೆ. ಹೆಚ್ಚುವರಿ ಆವಿ ತಣ್ಣನೆಯ ಮೇಲ್ಮೈ ಸಿಕ್ಕಲ್ಲೆಲ್ಲ ಹನಿಯಾಗಿ ಕೂರುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ವಾಹನಗಳ ಗಾಜಿನ ಮೇಲೆ ಕಾಣುವ ಇಬ್ಬನಿ ಇದೇ. ಗಾಳಿಯ ತೇವಾಂಶ ಶೇ 90ರಷ್ಟಿದ್ದಾಗ ಲೋಹವು ಸುತ್ತಲಿನ ಗಾಳಿಗಿಂತ ಎರಡು ಡಿಗ್ರಿಯಷ್ಟು ತಣ್ಣಗಿದ್ದರೂ ಸಾಕು, ಅದರ ಮೇಲೆ ನೀರು ಮೂಡುತ್ತದೆ. ಆದುದರಿಂದ ಮಳೆ ನಿಂತಿತೆಂದರೆ ಥಂಡಿ ಹೋಯಿತೆಂದು ತಿಳಿಯುವುದು ತಪ್ಪು.

ಈ ನೀರು ಕಾಣುವಷ್ಟು ಪ್ರಮಾಣದಲ್ಲಿ ಇರಬೇಕೆಂದೇನೂ ಇಲ್ಲ. ಗಾಳಿಯ ತೇವಾಂಶ ಶೇ 60 ದಾಟಿತೆಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಶೇ 70ರಿಂದ 80ರ ಆಚೆಗೆ ಬಟ್ಟೆ, ಹಗ್ಗ, ಚರ್ಮಗಳ ಮೇಲೆ ಬೂಷ್ಟು ಬೆಳೆಯಲು ಅನುಕೂಲ. ಮರದೊಳಗಿನ ನೀರಿನ ಅಂಶ ಶೇ 20ರ ಮೇಲೆ ಬಹುಕಾಲ ನಿಂತರೆ ಕೊಳೆಸುವ ಶಿಲೀಂಧ್ರ ನೆಲೆಯೂರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ, ಅದರಲ್ಲೂ ನಾಗರಹೊಳೆ ಕಾಡಿಗೆ ಹೊಂದಿಕೊಂಡ ಪಶ್ಚಿಮ ಭಾಗದಲ್ಲಿ, ಈ ಮಿತಿಗಳನ್ನು ಗಾಳಿ ದಿನಗಟ್ಟಲೆ ಮೀರಿ ನಿಲ್ಲುವುದು ಸಾಮಾನ್ಯ.

ಈ ಭಾಗದ ರೈತರಿಗೆ ಇದು ಹೊಸ ವಿಷಯವಲ್ಲ. ಬ್ಯಾರನ್‌ನಲ್ಲಿ ಐದಾರು ದಿನ ಬೆಂದು ಒಣಗಿದ ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಬಾಗಿಲು ತೆರೆದಿಟ್ಟರೆ ಅದೇ ಎಲೆ ರಾತ್ರಿಯ ಗಾಳಿಯಿಂದ ತೇವವನ್ನು ಹೀರಿ ಮೆತ್ತಗಾಗಿ ಹದಕ್ಕೆ ಬರುತ್ತದೆ. ಹದ ಮೀರಿ ತೇವ ಏರಿದರೆ ಅದೇ ಸೊಪ್ಪು ಬೂಷ್ಟು ಹಿಡಿದು ಹಾಳಾಗುತ್ತದೆ. ಹನಿ ಮಳೆಯೂ ಸೋಕದ ಕೋಣೆಯಲ್ಲಿ ಗಾಳಿಯೊಂದೇ ಇಷ್ಟು ಕೆಲಸ ಮಾಡುತ್ತದೆ. ದೋಣಿಯ ಹಲಗೆ, ಪ್ಲೈವುಡ್, ಹಗ್ಗ, ಲೈಫ್ ಜಾಕೆಟ್‌ಗಳು ವರ್ತಿಸುವುದೂ ಹೊಗೆಸೊಪ್ಪಿನಂತೆಯೇ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಅದು ಸಾಧ್ಯವಾದದ್ದು ಚೆನ್ನಾಗಿ ಒಣಗಿದ ಧಾನ್ಯವನ್ನು ಮಾತ್ರ ಒಳಗೆ ಹಾಕುತ್ತಿದ್ದುದರಿಂದ. ದೋಣಿಯನ್ನು ಹಗೇವಿನಂತೆ ಸಂಪೂರ್ಣ ಮುಚ್ಚಲು ಬರುವುದಿಲ್ಲ. ಹಾಗಾಗಿ ಉಳಿದಿರುವ ದಾರಿ ಒಂದೇ: ಮೇಲಿನಿಂದ ಮಳೆ ಬೀಳಬಾರದು, ಒಳಗೆ ಗಾಳಿ ನಿಲ್ಲಬಾರದು. ಮುಂದಿನ ಎಲ್ಲ ಕ್ರಮಗಳೂ ಈ ಒಂದು ಸೂತ್ರದ ವಿಸ್ತರಣೆಗಳೇ.

ಹೊದಿಕೆಯೇ ಹಾನಿ ತಂದಾಗ

ದೋಣಿಯನ್ನು ದಡಕ್ಕೆ ತಂದೊಡನೆ ಪ್ಲಾಸ್ಟಿಕ್ ಟಾರ್ಪಾಲಿನ್ ಹೊದಿಸಿ ಹಗ್ಗ ಬಿಗಿದುಬಿಡುವುದು ರೂಢಿ. ಇದರಿಂದ ಎರಡು ಬಗೆಯ ತೊಂದರೆಗಳಿವೆ. ಮೊದಲನೆಯದು, ಒಳಗಿನ ತೇವ ಹೊರಹೋಗಲು ದಾರಿಯಿಲ್ಲದಾಗುತ್ತದೆ. ಹಗಲಿನ ಬಿಸಿಗೆ ಹಲಗೆ, ನೆಲಹಾಸುಗಳಲ್ಲಿನ ನೀರು ಆವಿಯಾಗಿ ಏರುತ್ತದೆ, ರಾತ್ರಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಅಲ್ಲೇ ಬೀಳುತ್ತದೆ. ಪ್ರತಿದಿನವೂ ಈ ಚಕ್ರ ಮರುಕಳಿಸಿ, ಬಯಲಿನಲ್ಲಿ ನಿಂತ ದೋಣಿಗಿಂತ ಮುಚ್ಚಿಟ್ಟ ದೋಣಿಯೇ ಹೆಚ್ಚು ಕೊಳೆಯುತ್ತದೆ. ಎರಡನೆಯದು, ಸಡಿಲವಾದ ಹಾಳೆಯ ನಡುವೆ ಮಳೆನೀರು ಮಡುಗಟ್ಟುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 100 ಕಿಲೋ. ಆ ಭಾರಕ್ಕೆ ಹಾಳೆ ಹರಿಯುತ್ತದೆ, ಇಲ್ಲವೇ ದೋಣಿಯ ಅಂಚು ಬಾಗುತ್ತದೆ.

ಉತ್ತಮ ವ್ಯವಸ್ಥೆಯೆಂದರೆ ನಾಲ್ಕು ಕಡೆ ತೆರೆದಿರುವ, ಮೇಲೆ ಶೀಟು ಹೊದಿಸಿದ ಶೆಡ್. ಅದು ಸಾಧ್ಯವಾಗದಿದ್ದರೆ ದೋಣಿಯ ಉದ್ದಕ್ಕೂ ಒಂದು ಬಿದಿರನ್ನು ಎತ್ತರದಲ್ಲಿ ಕಟ್ಟಿ, ಅದರ ಮೇಲೆ ಮನೆಯ ಮಾಡಿನಂತೆ ಎರಡೂ ಕಡೆಗೆ ಇಳಿಜಾರಾಗಿ ಟಾರ್ಪಾಲಿನ್ ಇಳಿಬಿಡಬೇಕು. ಹಾಳೆ ದೋಣಿಯ ಮೈಗೆ ತಾಗಬಾರದು. ಮುಂದೆ ಮತ್ತು ಹಿಂದೆ ಗಾಳಿಯಾಡಲು ಕನಿಷ್ಠ ಒಂದೆರಡು ಅಡಿ ತೆರವಿರಬೇಕು. ನೈರುತ್ಯ ಮುಂಗಾರಿನ ಇರಚಲು ಬೀಸುವುದು ಪಶ್ಚಿಮ ದಿಕ್ಕಿನಿಂದಾದ್ದರಿಂದ ಆ ಬದಿಯ ಇಳಿಜಾರು ಕೆಳಗಿನವರೆಗೂ ಬರುವಂತೆ ನೋಡಿಕೊಳ್ಳುವುದು ಒಳಿತು.

ಜಾಗದ ಆಯ್ಕೆಯೂ ಮುಖ್ಯ. ಮಣ್ಣಿನ ನೆಲ ರಾತ್ರಿಯಿಡೀ ತೇವವನ್ನು ಉಗುಳುತ್ತಿರುತ್ತದೆ. ಜೊತೆಗೆ ಈ ಭಾಗದ ಕೆಮ್ಮಣ್ಣಿನಲ್ಲಿ ಗೆದ್ದಲಿನ ಕಾಟವೂ ಇದೆ. ಜಲ್ಲಿ ಹರಡಿದ ಅಥವಾ ಸಿಮೆಂಟ್ ಹಾಕಿದ, ನೀರು ಹರಿದುಹೋಗುವ ಎತ್ತರದ ಜಾಗ ಸೂಕ್ತ. ಮರದ ಕೆಳಗೆ ನಿಲ್ಲಿಸಿದರೆ ನೆರಳೇನೋ ಸಿಗುತ್ತದೆ, ಆದರೆ ಉದುರುವ ಎಲೆಗಳು ತೂಬನ್ನು ಮುಚ್ಚುತ್ತವೆ. ಗಾಳಿಮಳೆಗೆ ಕೊಂಬೆ ಮುರಿದು ಬೀಳುವ ಭಯವೂ ಇದೆ.

ದೋಣಿಯ ಒಡಲು

ನೀರಿನಿಂದ ಮೇಲೆತ್ತಿದ ದಿನವೇ ದೋಣಿಯನ್ನು ಶುದ್ಧ ನೀರಿನಿಂದ ತೊಳೆಯಬೇಕು. ಕೆಸರು ಮತ್ತು ಪಾಚಿ ಒಣಗಿದ ಮೇಲೆ ಕೆರೆದು ತೆಗೆಯುವುದು ಕಷ್ಟ. ಅಷ್ಟೇ ಅಲ್ಲ, ಅವು ತೇವವನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತವೆ. ತೊಳೆದ ಬಳಿಕ ಒಳಗಿನ ಆಸನದಡಿಯ ಮುಚ್ಚಳ, ಪೆಟ್ಟಿಗೆಗಳನ್ನೆಲ್ಲ ತೆರೆದು ಎರಡು ಮೂರು ದಿನ ಗಾಳಿಗೆ ಬಿಡಬೇಕು. ಹಿಂಬದಿಯ ತೂಬಿನ ಬಿರಡೆಯನ್ನು ಬಿಚ್ಚಿ, ಕಳೆಯದಂತೆ ಚುಕ್ಕಾಣಿಗೆ ಕಟ್ಟಿಡುವುದು ಹಳೆಯ ಅಭ್ಯಾಸ. ಮೂತಿಯನ್ನು ಸ್ವಲ್ಪ ಮೇಲೆತ್ತಿ ನಿಲ್ಲಿಸಿದರೆ ಒಳಗೆ ಬಿದ್ದ ನೀರು ತಾನಾಗಿ ಹರಿದುಹೋಗುತ್ತದೆ. ಬಿರಡೆ ಬಿಗಿದೇ ಇದ್ದರೆ ಆಗುವುದೇನು? 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ತೆರೆದ ದೋಣಿಯಲ್ಲಿ 10 ಸೆಂಟಿಮೀಟರ್ ಮಳೆನೀರು ತುಂಬಿದರೆ ಸುಮಾರು 600 ಕಿಲೋ ಭಾರ. ಟ್ರೇಲರ್‌ನ ಸ್ಪ್ರಿಂಗ್ ಮುರಿಯಲು ಅದು ಸಾಕು.

ಫೈಬರ್ ಗ್ಲಾಸ್ ದೋಣಿಗೆ ಕೊಳೆಯುವ ಭಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ನಾರು ಮತ್ತು ರಾಳ ಕೊಳೆಯುವುದಿಲ್ಲ ನಿಜ. ಆದರೆ ಅನೇಕ ದೋಣಿಗಳಲ್ಲಿ ಎಂಜಿನ್ ತೂಗುಬಿಡುವ ಹಿಂಬದಿಯ ಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನ ಮೂಲಕ ಇಳಿದ ನೀರು ಹೊರಗೆ ಕಾಣದಂತೆ ಆ ಪ್ಲೈವುಡ್ಡನ್ನು ಕೊಳೆಸುತ್ತದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಜಾಗದಲ್ಲಿ ಟಣ್ ಎನ್ನುವ ಸದ್ದು, ಕೊಳೆತಲ್ಲಿ ಮಂದವಾದ ಸದ್ದು ಬರುತ್ತದೆ. ಹೀಗೆ ಮೆತ್ತಗಾದ ಗೋಡೆಗೆ ಎಂಜಿನ್ ಕಟ್ಟಿ ಸೆಳೆತದ ನೀರಿಗಿಳಿಯುವುದು ಪ್ರಾಣಕ್ಕೇ ಅಪಾಯ. ಬಹುಕಾಲ ನೀರಿನಲ್ಲೇ ಇದ್ದ ಫೈಬರ್ ದೋಣಿಯ ಹೊರಲೇಪದಡಿ ನೀರು ಸೇರಿ ಗುಳ್ಳೆಗಳೇಳುವುದೂ ಉಂಟು. ಇಂತಹ ದೋಣಿಗೆ ಒಣ ನೆರಳಿನಲ್ಲಿ ಕಳೆಯುವ ಕೆಲವು ತಿಂಗಳುಗಳೇ ಔಷಧ. ಆದರೆ ಬಿಸಿಲಿನಲ್ಲಿ ಬಿಟ್ಟರೆ ಬಣ್ಣ ಮಾಸಿ, ಮೈ ಸುಣ್ಣ ಬಳಿದಂತೆ ಪುಡಿಯೇಳುತ್ತದೆ.

ಟ್ರೇಲರ್: ಮರೆತುಹೋಗುವ ಅರ್ಧ

ದೋಣಿಯ ಬಗ್ಗೆ ಕಾಳಜಿ ವಹಿಸುವವರೂ ಅದನ್ನು ಹೊರುವ ಟ್ರೇಲರ್ ಅನ್ನು ಮರೆಯುತ್ತಾರೆ. ದೋಣಿಯನ್ನು ನೀರಿಗಿಳಿಸುವಾಗ ಟ್ರೇಲರ್‌ನ ಗಾಲಿಗಳೂ ನೀರಿನಲ್ಲಿ ಮುಳುಗುತ್ತವೆ. ದೂರದಿಂದ ಓಡಿಬಂದ ಗಾಲಿಯ ಗುಂಭ ಬಿಸಿಯಾಗಿರುತ್ತದೆ. ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ನೀರು ಗ್ರೀಸಿನೊಂದಿಗೆ ಬೆರೆತು ತಿಂಗಳುಗಟ್ಟಲೆ ಬೇರಿಂಗ್‌ನಲ್ಲೇ ನಿಂತರೆ ತುಕ್ಕು ಖಚಿತ. ಮುಂದಿನ ಬಾರಿ ಟ್ರೇಲರ್ ರಸ್ತೆಗಿಳಿದಾಗ ಬೇರಿಂಗ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ ಅಥವಾ ಗಾಲಿಯೇ ಕಳಚುತ್ತದೆ. ಆದ್ದರಿಂದ ಬಿಡುವಿಗೆ ನಿಲ್ಲಿಸುವ ಮೊದಲೇ ಬೇರಿಂಗ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಬೇಕು. ಮುಂದಿನ ಹಂಗಾಮಿಗೆಂದು ಅದನ್ನು ಮುಂದೂಡುವುದು ಸರಿಯಲ್ಲ.

ನಿಲ್ಲಿಸುವಾಗ ಅಚ್ಚಿನಡಿ ಮರದ ದಿಮ್ಮಿಗಳನ್ನಿಟ್ಟು ಗಾಲಿಗಳು ನೆಲ ಬಿಟ್ಟಿರುವಂತೆ ಎತ್ತಬೇಕು. ಇದರಿಂದ ಟೈರು ಒಂದೇ ಕಡೆ ಚಪ್ಪಟೆಯಾಗುವುದು ತಪ್ಪುತ್ತದೆ. ಸ್ಪ್ರಿಂಗ್ ಪಟ್ಟಿಗಳಿಗೆ ಎಣ್ಣೆ, ಕೊಂಡಿಗೆ ಗ್ರೀಸ್, ದೀಪದ ತಂತಿಯ ಜೋಡಣೆಗಳಿಗೆ ತೇವ ತಡೆಯುವ ಲೇಪ ಬೇಕು. ದೋಣಿಯ ಭಾರ ಕೀಲ್ ಎಂದು ಕರೆಯಲಾಗುವ ತಳದ ಬೆನ್ನೆಲುಬಿನ ಉದ್ದಕ್ಕೂ ಹಂಚಿಹೋಗುವಂತಿರಬೇಕು. ಒಂದೆರಡು ಕಡೆ ಮಾತ್ರ ಒತ್ತಿ ಕೂತರೆ ತಿಂಗಳುಗಳ ಅವಧಿಯಲ್ಲಿ ತಳವೇ ತಗ್ಗುಬೀಳುತ್ತದೆ.

ಎಂಜಿನ್ ಮತ್ತು ಪೆಟ್ರೋಲ್

ಔಟ್‌ಬೋರ್ಡ್ ಎಂಜಿನ್ ತಣಿಯುವುದು ದೋಣಿ ಚಲಿಸುವ ನೀರಿನಿಂದಲೇ. ಪ್ರವಾಹದ ನೀರಿನಲ್ಲಿರುವ ಮಣ್ಣು, ಮರಳು ಅದರ ನಾಳಗಳಲ್ಲಿ ಉಳಿದುಬಿಡುತ್ತವೆ. ಹಾಗಾಗಿ ಡ್ರಮ್ಮಿನಲ್ಲಿ ಶುದ್ಧ ನೀರು ತುಂಬಿ, ಎಂಜಿನ್‌ನ ಕೆಳಭಾಗವನ್ನು ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಬೇಕು. ನೀರಿಲ್ಲದೆ ಕೆಲ ಕ್ಷಣ ಓಡಿಸಿದರೂ ಪಂಪಿನ ರಬ್ಬರ್ ಚಕ್ರ ಸುಟ್ಟುಹೋದೀತು. ಬಳಿಕ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ಪೂರ್ತಿ ಬಸಿಯುತ್ತದೆ. ಗೇರ್ ಎಣ್ಣೆಯನ್ನು ಬದಲಿಸುವುದೂ ಬಿಡುವಿನ ಆರಂಭದಲ್ಲೇ ಆಗಬೇಕು. ಹೊರಬಂದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ, ಸೀಲು ಕೆಟ್ಟಿದೆ ಎಂದರ್ಥ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನೊಳಕ್ಕೆ ಸ್ವಲ್ಪ ಎಣ್ಣೆ ಸಿಂಪಡಿಸಿ, ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿದರೆ ಒಳಗೋಡೆಗೆ ತುಕ್ಕು ಹತ್ತದು.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಹೊಸ ತೊಡಕೊಂದು ಸೇರಿಕೊಂಡಿದೆ. 2025ರ ಹೊತ್ತಿಗೆ ದೇಶದಾದ್ಯಂತ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿ ಸಾಧಿಸಲಾಯಿತು. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ದಿನನಿತ್ಯ ಓಡುವ ಬೈಕಿನಲ್ಲಿ ಪೆಟ್ರೋಲ್ ವಾರದೊಳಗೆ ಖಾಲಿಯಾಗುವುದರಿಂದ ಅದು ಅಷ್ಟಾಗಿ ಬಾಧಿಸದು. ಆದರೆ ಥಂಡಿಯ ಶೆಡ್ಡಿನಲ್ಲಿ ಅರ್ಧ ತುಂಬಿದ ಟ್ಯಾಂಕ್ ಆರು ತಿಂಗಳು ನಿಂತರೆ ನೀರು ಸೇರಿಕೊಂಡ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯಬಹುದು. ಎಂಜಿನ್ ಮೊದಲು ಎಳೆದುಕೊಳ್ಳುವುದು ಆ ತಳದ ದ್ರವವನ್ನೇ. ಜೊತೆಗೆ ಅನೇಕ ತಯಾರಕರ ಕೈಪಿಡಿಗಳು ಔಟ್‌ಬೋರ್ಡ್ ಎಂಜಿನ್‌ಗಳಿಗೆ ಎಥನಾಲ್ ಪ್ರಮಾಣದ ಮಿತಿಯನ್ನು ಶೇ 10ಕ್ಕೆ ನಿಗದಿಪಡಿಸಿವೆ. ತಮ್ಮ ಎಂಜಿನ್‌ನ ಮಿತಿ ಎಷ್ಟೆಂಬುದನ್ನು ಮಾಲೀಕರು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಹಳೆಯ ಎಂಜಿನ್‌ಗಳ ರಬ್ಬರ್ ಕೊಳವೆಗಳನ್ನು ಆಗಾಗ ಪರೀಕ್ಷಿಸಬೇಕು.

ಇದಕ್ಕೆ ಪರಿಹಾರ ಸರಳ. ದೀರ್ಘ ಬಿಡುವಿಗೆ ನಿಲ್ಲಿಸುವಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ, ನೀರಿನ ಡ್ರಮ್ಮಿನಲ್ಲೇ, ಎಂಜಿನ್ ಓಡಿಸಬೇಕು. ರಕ್ಷಣಾ ದೋಣಿಯ ವಿಷಯ ಬೇರೆ. ಅದು ಯಾವ ರಾತ್ರಿಯಾದರೂ ಹೊರಡಲು ಸಿದ್ಧವಿರಬೇಕಾದ್ದರಿಂದ ಅದನ್ನು ಮಲಗಿಸುವಂತಿಲ್ಲ. ತಿಂಗಳಿಗೊಮ್ಮೆ ಡ್ರಮ್ಮಿನಲ್ಲಿ ಓಡಿಸಿ, ಹಳೆಯ ಪೆಟ್ರೋಲನ್ನು ತೆಗೆದು ಹೊಸತನ್ನು ತುಂಬುತ್ತಿರಬೇಕು. ಬ್ಯಾಟರಿಯನ್ನು ದೋಣಿಯಿಂದ ಬಿಚ್ಚಿ ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಕೆಳಗಿಳಿದು ಬಹುದಿನ ನಿಂತರೆ ಅದರ ಫಲಕಗಳು ಕೆಡುತ್ತವೆ.

ರಬ್ಬರ್ ದೋಣಿ, ಲೈಫ್ ಜಾಕೆಟ್

ಪ್ರವಾಹದ ಸಂದರ್ಭದಲ್ಲಿ ಬಳಸುವ ಗಾಳಿ ತುಂಬುವ ರಬ್ಬರ್ ದೋಣಿಯ ಶತ್ರುಗಳು ಮೂರು: ತೇವದಲ್ಲಿ ಮಡಚಿಡುವುದು, ಇಲಿ ಮತ್ತು ಬಿಸಿಲು. ಕಾರ್ಯಾಚರಣೆ ಮುಗಿಸಿ ದಣಿದು ಬಂದ ಸಿಬ್ಬಂದಿ ಅದನ್ನು ಒದ್ದೆಯಲ್ಲೇ ಮಡಚಿ ಮೂಲೆಗಿಡುವ ಸಾಧ್ಯತೆ ಹೆಚ್ಚು. ಮಡಿಕೆಗಳೊಳಗೆ ಉಳಿದ ತೇವ, ಶೆಡ್ಡಿನ ಬಿಸಿ ಎರಡೂ ಸೇರಿ ಜೋಡಣೆಯ ಅಂಟನ್ನು ದುರ್ಬಲಗೊಳಿಸುತ್ತವೆ. ಮುಂದಿನ ವರ್ಷ ಗಾಳಿ ತುಂಬಿದಾಗ ಸೀಳು ಬಿಡುವುದು ಅಲ್ಲಿಯೇ. ಆದ್ದರಿಂದ ಮರುದಿನವಾದರೂ ಅದನ್ನು ಮತ್ತೆ ಬಿಚ್ಚಿ, ತೊಳೆದು, ಸಂದುಗಳಲ್ಲಿ ಬಟ್ಟೆಯಾಡಿಸಿ, ನೆರಳಿನಲ್ಲಿ ಒಣಗಿಸಬೇಕು. ಜಾಗವಿದ್ದರೆ ಅರ್ಧ ಗಾಳಿ ತುಂಬಿ ಇಡುವುದೇ ಉತ್ತಮ. ಇಲ್ಲವಾದರೆ ಟಾಲ್ಕಂ ಪೌಡರ್ ಸವರಿ ಸಡಿಲವಾಗಿ ಸುರುಳಿ ಸುತ್ತಿ, ನೆಲದಿಂದ ಎತ್ತರದ ಹಲಗೆಯ ಮೇಲೆ ಇಡಬೇಕು. ಮೂರು ತಿಂಗಳಿಗೊಮ್ಮೆ ಪೂರ್ತಿ ಗಾಳಿ ತುಂಬಿ 24 ತಾಸು ಬಿಟ್ಟು ನೋಡಿದರೆ ಸೋರಿಕೆ ತಿಳಿಯುತ್ತದೆ. ರಾತ್ರಿಯ ತಂಪಿಗೆ ಗಾಳಿಯ ಒತ್ತಡ ಸ್ವಲ್ಪ ತಗ್ಗುವುದು ಸಹಜ. ಹಗಲು ಬಿಸಿಯೇರಿದ ಮೇಲೂ ಮೊದಲಿನ ಬಿಗಿ ಮರಳದಿದ್ದರೆ ಸೋರುತ್ತಿದೆ ಎಂದು ತಿಳಿಯಬೇಕು.

ಲೈಫ್ ಜಾಕೆಟ್‌ಗಳನ್ನು ಗೋಣಿಚೀಲದಲ್ಲಿ ತುರುಕಿ, ಅದರ ಮೇಲೆ ಹುಟ್ಟು, ಹಗ್ಗಗಳ ಹೊರೆ ಹೇರುವುದು ಅಪರೂಪವಲ್ಲ. ಒಳಗಿನ ಫೋಮ್ ಒತ್ತಿಹೋದಷ್ಟೂ ತೇಲಿಸುವ ಶಕ್ತಿ ಕುಂದುತ್ತದೆ. ಬೂಷ್ಟು ಹಿಡಿದ ದಾರ ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಎಳೆದರೆ ತುಂಡಾಗುತ್ತದೆ. ಅವನ್ನು ಬಟ್ಟೆಗಳಂತೆ ಸಾಲಾಗಿ ನೇತುಹಾಕಬೇಕು. ಒಣಗಿಸುವುದು ನೆರಳಿನಲ್ಲೇ ಆಗಬೇಕು. ಬೂಷ್ಟು ಹೋಗಲೆಂದು ವಾರಗಟ್ಟಲೆ ಬಿಸಿಲಿಗೆ ಹರಡಿದರೆ ಬಟ್ಟೆಯೇ ಜೀರ್ಣವಾಗುತ್ತದೆ. ಪ್ರತಿ ಜಾಕೆಟ್ಟಿನ ಪಟ್ಟಿ ಮತ್ತು ಬಕಲ್‌ಗಳನ್ನು ಕೈಯಿಂದ ಜಗ್ಗಿ ನೋಡಿ, ಅನುಮಾನ ಬಂದದ್ದನ್ನು ಪಕ್ಕಕ್ಕಿಡುವುದು ಮೇಲು.

ಹರಿಗೋಲಿನ ಪಾಠ

ಟ್ರೇಲರ್ ಬೇಡದ, ಒಬ್ಬನೇ ತಲೆಯ ಮೇಲೆ ಹೊತ್ತೊಯ್ಯಬಲ್ಲ ದೋಣಿಯೆಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂತೆ ದುಂಡಗಿದ್ದು ಚರ್ಮ ಹೊದಿಸಿದ ಈ ದೋಣಿಗಳನ್ನು ವರ್ಣಿಸಿದ್ದಾನೆ. ಕಾಲಾಂತರದಲ್ಲಿ ಚರ್ಮದ ಜಾಗಕ್ಕೆ ಡಾಂಬರು ಬಳಿದ ಗೋಣಿತಟ್ಟು ಹಾಗೂ ಪ್ಲಾಸ್ಟಿಕ್ ಹಾಳೆ ಬಂದವು, ಈಚೆಗೆ ಫೈಬರ್ ಗ್ಲಾಸ್ ಬಂದಿದೆ. ಬಿದಿರಿನ ಹೆಣಿಗೆ ಮಾತ್ರ ಹಲವೆಡೆ ಇನ್ನೂ ಉಳಿದಿದೆ.

ಬಿದಿರಿನಲ್ಲಿ ಹಿಟ್ಟಿನ ಅಂಶ ಅಧಿಕ. ಅದನ್ನು ತಿನ್ನಲು ಬರುವ ಕುಟ್ಟೆಹುಳು ಬಿದಿರನ್ನು ಒಳಗಿನಿಂದಲೇ ಪುಡಿಮಾಡುತ್ತದೆ. ಹೆಣೆಯುವ ಮುನ್ನ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕುವುದರ ಹಿಂದಿನ ಉದ್ದೇಶ ಈ ಹಿಟ್ಟಿನ ಅಂಶವನ್ನು ಕರಗಿಸಿ ತೆಗೆಯುವುದೇ ಆಗಿದೆ. ಹರಿಗೋಲನ್ನು ದಡದಲ್ಲಿ ಬೋರಲು ಹಾಕುವುದು ಎಲ್ಲೆಡೆ ಕಾಣುವ ಪದ್ಧತಿ. ಮಳೆನೀರು ಒಳಗೆ ನಿಲ್ಲದಿರಲು ಇದು ಸರಿಯಾದ ಕ್ರಮ. ಆದರೆ ಅಂಚು ನೇರವಾಗಿ ಮಣ್ಣಿಗೆ ತಾಗಿದ್ದರೆ ಒಳಗೆ ತೇವ ಸಿಕ್ಕಿಬೀಳುತ್ತದೆ, ಗೆದ್ದಲು ಸುಲಭವಾಗಿ ಏರುತ್ತದೆ. ಮೂರು ನಾಲ್ಕು ಕಲ್ಲುಗಳ ಮೇಲೆ ಕೂರಿಸಿ ಗೇಣುದ್ದ ಸಂದು ಬಿಟ್ಟರೆ ಸಾಕು, ಎರಡೂ ಸಮಸ್ಯೆ ನೀಗುತ್ತವೆ. ಅಡುಗೆಮನೆಯ ಅಟ್ಟದ ಹೊಗೆಗೆ ಬಿದಿರಿನ ಸಾಮಾನುಗಳನ್ನು ಒಡ್ಡಿ ಹುಳುವಿನಿಂದ ಕಾಪಾಡುವ ಗ್ರಾಮೀಣ ಕ್ರಮದಲ್ಲೂ ಇದೇ ವಿವೇಕವಿದೆ: ಒಣಗಿರಬೇಕು, ಗಾಳಿಯಾಡಬೇಕು. ಬಿರುಕು ಬಿಟ್ಟ ಡಾಂಬರನ್ನು ಮತ್ತೆ ಬಳಿಯಲು ಮಾರ್ಚ್, ಏಪ್ರಿಲ್‌ನ ಬಿಸಿಲು ಸೂಕ್ತ. ತೇವವಿರುವ ಮೇಲ್ಮೈಗೆ ಡಾಂಬರು ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಹರಿಗೋಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಡಾಂಬರು ಕರಗಿ ಅಂಟಿಕೊಳ್ಳುವುದರಿಂದ ನಡುವೆ ಒಣಹುಲ್ಲು ಹಾಕುವುದು ಒಳ್ಳೆಯದು.

ಹೊಣೆ ಯಾರದು?

ಇಲ್ಲಿ ಹೇಳಿದ ಕೆಲಸಗಳಲ್ಲಿ ಯಾವುದೂ ದುಬಾರಿಯಲ್ಲ, ಯಾವುದಕ್ಕೂ ವಿಶೇಷ ಪರಿಣತಿ ಬೇಕಿಲ್ಲ. ಕೆಲವು ಕಿಲೋ ಗ್ರೀಸ್, ಒಂದೆರಡು ಲೀಟರ್ ಎಣ್ಣೆ, ನಾಲ್ಕು ಮರದ ದಿಮ್ಮಿ, ಒಂದು ಡ್ರಮ್ ನೀರು ಸಾಕು. ಆದರೂ ಇವು ನಡೆಯದಿರಲು ಕಾರಣ ಹಣದ ಕೊರತೆಗಿಂತ ಹೊಣೆಗಾರಿಕೆಯ ಅಸ್ಪಷ್ಟತೆ. ಮೀನುಗಾರನ ಹರಿಗೋಲು ಅವನ ಅನ್ನದ ಬಟ್ಟಲು. ಅದನ್ನು ಅವನು ತಾನಾಗಿ ನೋಡಿಕೊಳ್ಳುತ್ತಾನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿ ದೋಣಿ ದುರಸ್ತಿಯ ಕಾಲವೂ ಆಗಿರುವುದು ಇದೇ ಕಾರಣಕ್ಕೆ. ಆದರೆ ಇಲಾಖೆ, ಸಂಸ್ಥೆಗಳ ದೋಣಿ ಹಲವರ ಕೈ ದಾಟುತ್ತದೆ. ಓಡಿಸಿದವರೊಬ್ಬರು, ಕೀಲಿ ಇಟ್ಟುಕೊಂಡವರು ಇನ್ನೊಬ್ಬರು, ದುರಸ್ತಿಗೆ ಮಂಜೂರಾತಿ ನೀಡುವವರು ಮತ್ತೊಬ್ಬರು. ಒಳನಾಡು ಜಲಸಾರಿಗೆಯ 1917ರ ಕಾಯ್ದೆಯ ಬದಲಿಗೆ ಜಾರಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ನೋಂದಣಿ ಮತ್ತು ತಪಾಸಣೆಯನ್ನು ವಿಧಿಸಿದೆ. ತಪಾಸಣೆಯ ದಿನ ದೋಣಿ ಸುಸ್ಥಿತಿಯಲ್ಲಿದ್ದರೆ ಪ್ರಮಾಣಪತ್ರ ಸಿಗುತ್ತದೆ. ಉಳಿದ ದಿನಗಳ ಥಂಡಿಯನ್ನು ಯಾವ ಪ್ರಮಾಣಪತ್ರವೂ ತಡೆಯಲಾರದು.

ಪ್ರತಿ ದೋಣಿಗೂ ಒಂದು ಪುಸ್ತಕ, ಅದರಲ್ಲಿ ಬರೆಯಲು ಹೆಸರಿಸಿದ ಒಬ್ಬ ಸಿಬ್ಬಂದಿ ಇದ್ದರೆ ಪರಿಸ್ಥಿತಿ ಬಹುಮಟ್ಟಿಗೆ ಸುಧಾರಿಸೀತು. ಎಂಜಿನ್ ಎಂದು ಓಡಿಸಲಾಯಿತು, ಪೆಟ್ರೋಲ್ ಎಂದು ಬದಲಾಯಿತು, ಬೇರಿಂಗ್‌ಗೆ ಗ್ರೀಸ್ ಯಾವಾಗ ಬಿತ್ತು, ಎಷ್ಟು ಲೈಫ್ ಜಾಕೆಟ್ ಬಳಕೆಗೆ ಯೋಗ್ಯ ಎಂಬ ನಾಲ್ಕು ಸಾಲುಗಳನ್ನು ತಿಂಗಳಿಗೊಮ್ಮೆ ಬರೆದರೆ ಸಾಕು. ಮೇ ತಿಂಗಳ ಮೂರನೇ ವಾರದೊಳಗೆ ದೋಣಿಯನ್ನು ಟ್ರೇಲರ್ ಸಮೇತ ಹೊರಗೆಳೆದು, ಹತ್ತಿರದ ಕೆರೆ ಅಥವಾ ಹಿನ್ನೀರಿನಲ್ಲಿ ಅರ್ಧ ಗಂಟೆ ಓಡಿಸಿ ನೋಡಿದರೆ ಲೋಪವನ್ನು ಸರಿಪಡಿಸಲು ಇನ್ನೂ ಕಾಲಾವಕಾಶ ಉಳಿದಿರುತ್ತದೆ. ಜುಲೈನಲ್ಲಿ ವಯನಾಡಿನ ಬೆಟ್ಟಗಳ ಮೇಲೆ ಮೋಡ ಕವಿದ ಬಳಿಕ ಆ ಅವಕಾಶ ಇರುವುದಿಲ್ಲ.